ಹಳೆಯ ರನ್‌ವೇಗೆ ಅವಶೇಷ ಸುರಿಯುವುದನ್ನು ನಿಲ್ಲಿಸಲು ಭಾನುವಾರ ಸೇರೋಣ

4ನೇ ಅಡ್ಡರಸ್ತೆಯಿಂದ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮತ್ತೆ ಟಿಪ್ಪರ್‌ಗಳು ಬಂದು, ವಿಮಾನ ಬರುವುದು ನಿಂತ ನಮ್ಮ ಹಳೆಯ ಏರ್‌ಸ್ಟ್ರಿಪ್ ಮೇಲೆ ಕಟ್ಟಡದ ಅವಶೇಷ ಸುರಿದು ಹೋಗಿವೆ. ಬೆಳಿಗ್ಗೆ ಹೋಗಿ ನೋಡಿದೆ. ಪಶ್ಚಿಮದ ತುದಿಯಲ್ಲಿ ಮಾಸಿದ ಬಿಳಿ ಬಣ್ಣದ 09 ಎಂಬ ಅಂಕಿಯಿದೆಯಲ್ಲ, ಅದರ ಸೊನ್ನೆ ಒಡೆದ ಟೈಲ್ಸ್ ಮತ್ತು ಸಿಮೆಂಟ್ ಚೂರುಗಳ ಅಡಿಯಲ್ಲಿ ಮುಚ್ಚಿಹೋಗಿದೆ. ನನಗೆ ಹೊಟ್ಟೆ ಉರಿಯುತ್ತಿದೆ. ಇದು ಗಲೀಜಿನ ಮಾತು ಮಾತ್ರವಲ್ಲ. ನೀರು ನಿಲ್ಲಬಾರದೆಂದು ರನ್‌ವೇಯ ನಡುಭಾಗವನ್ನು ತುಸು ಎತ್ತರಿಸಿ, ಎರಡೂ ಬದಿಗೆ ಇಳಿಜಾರು ಕೊಟ್ಟಿರುತ್ತಾರೆ. ಹರಿದ ನೀರು ಸೇರಬೇಕಾದ ಪಕ್ಕದ ಚರಂಡಿಯೇ ಈಗ ತುಂಬಿಹೋಗಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಸಂಪುಗಳಿಗೆ ಕೆಸರು ನೀರು ನುಗ್ಗಿದ್ದು ಅಲ್ಲಿಂದಲೇ.

1ನೇ ಅಡ್ಡರಸ್ತೆಯಿಂದ:
ಅಕ್ಕಾ, ಸ್ವಲ್ಪ ತಾಳ್ಮೆ ಇರಲಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣವೂ ಹೀಗೆಯೇ ಪಾಳು ಬಿದ್ದಿತ್ತು, 2010ರಲ್ಲಿ ಮತ್ತೆ ತೆರೆಯಲಿಲ್ಲವೇ? ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ನಮ್ಮದಕ್ಕೂ ಕಾಲ ಕೂಡಿ ಬರಬಹುದು.

2ನೇ ಅಡ್ಡರಸ್ತೆ, ನಿವೃತ್ತ ಇಂಜಿನಿಯರ್:
ಮಂಡಕಳ್ಳಿಯ ಕಥೆ ಬೇರೆ. ಅದು ಮಹಾರಾಜರ ಕಾಲದ ನಿಲ್ದಾಣ. 1980ರ ದಶಕದಲ್ಲಿ ಸರ್ಕಾರಿ ಕಂಪನಿ ವಾಯುದೂತ್‌ನ ವಿಮಾನಗಳು ಬರುತ್ತಿದ್ದವು, ಆಮೇಲೆ ಸುಮಾರು ಎರಡು ದಶಕ ಸದ್ದಿಲ್ಲ. ಮತ್ತೆ ತೆರೆದಾಗ 1740 ಮೀಟರ್ ರನ್‌ವೇ, ಹೊಸ ಟರ್ಮಿನಲ್ ಎಲ್ಲವೂ ಇದ್ದವು. ನಮ್ಮದು ಒಂದು ಕಿಲೋಮೀಟರ್ ಕೂಡ ಇಲ್ಲ. 09 ಎಂದರೆ ದಿಕ್ಸೂಚಿಯ 90 ಡಿಗ್ರಿ, ಪೂರ್ವಕ್ಕೆ ಮುಖಮಾಡಿ ಏರುವ ದಾರಿ. ಆ ದಾರಿಯಲ್ಲಿ ಈಗ ಮೂರಂತಸ್ತಿನ ಮನೆಗಳು ನಿಂತಿವೆ. ಬರಲಾಗದ ವಿಮಾನದ ದಾರಿ ಕಾಯುತ್ತಾ ಕುಳಿತರೆ ಟಿಪ್ಪರ್‌ನವರಿಗೇ ಲಾಭ.

3ನೇ ಅಡ್ಡರಸ್ತೆ, ಈಗ ಫ್ರಾಂಕ್‌ಫರ್ಟ್‌ನಿಂದ:
ಇಂಜಿನಿಯರ್ ರಾಯರು ಹೇಳಿದ್ದು ಸರಿ. ಇಲ್ಲಿ ನಿಡ್ಡಾ ನದಿಯ ಪಕ್ಕ ಬೊನಾಮೆಸ್ ಎಂಬಲ್ಲಿ ಅಮೆರಿಕದ ಸೈನ್ಯದ ಪುಟ್ಟ ಏರ್‌ಫೀಲ್ಡ್ ಇತ್ತು, ಹೆಲಿಕಾಪ್ಟರ್‌ಗಳೇ ಹೆಚ್ಚು. 1992ರಲ್ಲಿ ಸೈನ್ಯ ಬಿಟ್ಟುಹೋಯಿತು. ಕಾಂಕ್ರೀಟು, ಡಾಂಬರು ಸೇರಿ ಸುಮಾರು 4.5 ಹೆಕ್ಟೇರ್ ಹಾಸು ಉಳಿದಿತ್ತು. ಅಷ್ಟನ್ನೂ ಕಿತ್ತು ಸಾಗಿಸುವ ಬದಲು ಹೆಚ್ಚಿನ ಭಾಗವನ್ನು ಇದ್ದಲ್ಲೇ ಒಡೆದರು. ಒಂದು ಕಡೆ ದೊಡ್ಡ ಚಪ್ಪಡಿಗಳು, ಇನ್ನೊಂದು ಕಡೆ ಮುಷ್ಟಿಗಾತ್ರದ ಚೂರು, ಮತ್ತೊಂದು ಕಡೆ ಬರೀ ಜಲ್ಲಿ. ಚೂರಿನ ಗಾತ್ರ ಬದಲಾದಂತೆ ಸಂದಿಯಲ್ಲಿ ಹುಟ್ಟುವ ಗಿಡವೂ ಬದಲಾಯಿತು. ತಗ್ಗುಗಳಲ್ಲಿ ನೀರು ನಿಂತು ಕಪ್ಪೆಗಳು ಬಂದವು. ರನ್‌ವೇಯ ಒಂದು ಭಾಗವನ್ನು ಮಾತ್ರ ಹಾಗೆಯೇ ಉಳಿಸಿದ್ದಾರೆ, ಅಲ್ಲಿ ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ. ಕಂಟ್ರೋಲ್ ಟವರ್ ಇದ್ದ ಕಟ್ಟಡದಲ್ಲಿ ಕಾಫಿ ಸಿಗುತ್ತದೆ. ಆ ಬಿರುಕುಗಳಲ್ಲಿ ಬೆಳೆದ ಬರ್ಚ್, ವಿಲೋ ಮರಗಳು ಇಂದು ನನಗಿಂತ ಎತ್ತರವಾಗಿವೆ. ಅಮ್ಮನಿಗೂ ಫೋಟೋ ಕಳುಹಿಸಿದ್ದೇನೆ, ನೋಡಿ.

4ನೇ ಅಡ್ಡರಸ್ತೆಯಿಂದ:
ನಮ್ಮಲ್ಲಿ ಟಿಟ್ಟಿಭ ಹಕ್ಕಿ ಬಯಲಿನಲ್ಲೇ ಜಲ್ಲಿಯ ನಡುವೆ ಮೊಟ್ಟೆಯಿಡುತ್ತದೆ. ಆ ಜಾಗಕ್ಕೇ ಟಿಪ್ಪರ್ ಹಿಂಬದಿ ತಿರುಗಿಸಿ ನಿಲ್ಲುತ್ತದೆ.

5ನೇ ಅಡ್ಡರಸ್ತೆಯಿಂದ:
ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಜಡಿಯಿರಿ, ಮುಗಿಯಿತು.

2ನೇ ಅಡ್ಡರಸ್ತೆ, ನಿವೃತ್ತ ಇಂಜಿನಿಯರ್:
ಬೇಡಮ್ಮಾ. ಕುರಿ ಮೇಯಿಸುವವರು, ಕ್ರಿಕೆಟ್ ಆಡುವ ಹುಡುಗರು, ಬೆಳಗಿನ ವಾಕಿಂಗ್‌ನವರು ಇವರೇ ಆ ಜಾಗವನ್ನು ಇಷ್ಟು ವರ್ಷ ಕಾದವರು. ಅವರನ್ನು ಹೊರಗಿಟ್ಟರೆ ಕಣ್ಣಿಡುವವರು ಯಾರು? ಟಿಪ್ಪರ್ ಒಳಬರುವ ಕಡೆ ಎರಡು ಕಲ್ಲುಕಂಬ ನೆಟ್ಟರೆ ಸಾಕು, ಮನುಷ್ಯರೂ ಕುರಿಗಳೂ ದಾಟಲಿ.

ಮೊದಲು ಜಾಗ ಯಾವ ಇಲಾಖೆಯದು ಎಂಬುದು ದಾಖಲೆಯಲ್ಲಿ ಸ್ಪಷ್ಟವಾಗಬೇಕು. ರನ್‌ವೇ ಮೇಲೆ ನಿಂತು ಮೊಬೈಲ್‌ನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಅದರ ಪಹಣಿಯನ್ನು ನಾನು ತೆಗೆಸುತ್ತೇನೆ. ಕಟ್ಟಡ ತ್ಯಾಜ್ಯದ ಬಗ್ಗೆ 2016ರಲ್ಲೇ ಕೇಂದ್ರದ ನಿಯಮ ಬಂದಿದೆ, ಚರಂಡಿ ಮುಚ್ಚುವಂತೆ ಸುರಿಯುವ ಹಾಗಿಲ್ಲ. ಮನವಿಯಲ್ಲಿ ಎರಡೇ ಬೇಡಿಕೆ ಇರಲಿ: ಚರಂಡಿ ಬಿಡಿಸಿಕೊಡಿ, ಬಯಲನ್ನು ನಿವೇಶನವಾಗಿಸದೆ ಸಾರ್ವಜನಿಕರಿಗೇ ಉಳಿಸಿ.

1ನೇ ಅಡ್ಡರಸ್ತೆಯಿಂದ:
ರಾಯರೇ, ಒಪ್ಪಿದೆ. ತಹಶೀಲ್ದಾರರ ಕಚೇರಿಗೆ ನಾನೂ ಬರುತ್ತೇನೆ.

4ನೇ ಅಡ್ಡರಸ್ತೆಯಿಂದ:
ಭಾನುವಾರ ಬೆಳಿಗ್ಗೆ 7ಕ್ಕೆ ಪಶ್ಚಿಮದ ತುದಿಗೆ ಬನ್ನಿ. ಗುದ್ದಲಿ, ಬಾಂಡಲಿ ತನ್ನಿ. ಟಿಪ್ಪರ್ ನಂಬರ್ ಬರೆದುಕೊಂಡವರು ರಾಯರಿಗೆ ಕಳುಹಿಸಿ, ಇಲ್ಲಿ ಹಾಕಬೇಡಿ. ಸಹಿ ಹಾಳೆ ನನ್ನ ಬಳಿ ಇರುತ್ತದೆ.