ಪದಚರ್ಚೆ: ಮರುಭೂಮಿ ಉದ್ಯಾನದ ಕಾಲುದಾರಿಗಳಲ್ಲಿ ‘ಮಾನಿಟರಿಂಗ್’ ಎಂದರೇನು?

ಪ್ರಶ್ನೆ: ಮರುಭೂಮಿ ಉದ್ಯಾನಗಳಲ್ಲಿ ಸಂದರ್ಶಕರ ಓಡಾಟದಿಂದ ಕಾಲುದಾರಿಗಳು ಹೇಗೆ ಬದಲಾಗುತ್ತವೆ ಎಂದು ಅಳೆಯುವ ಕೈಪಿಡಿಯೊಂದರ ಕನ್ನಡ ಕರಡು ತಯಾರಾಗುತ್ತಿದೆ. ಅದರಲ್ಲಿ ಮಾನಿಟರಿಂಗ್‌ಗೆ ‘ಮೇಲ್ವಿಚಾರಣೆ’, ಇಂಪ್ಯಾಕ್ಟ್‌ಗೆ ‘ಆಘಾತ’, ಸೋಶಿಯಲ್ ಟ್ರೇಲ್‌ಗೆ (ಜನ ತಾವಾಗಿಯೇ ತುಳಿದು ಮಾಡಿಕೊಂಡ ದಾರಿ) ‘ಸಾಮಾಜಿಕ ಹಾದಿ’, ಸಾಯಿಲ್ ಕ್ರಸ್ಟ್‌ಗೆ (ನೆಲದ ಮೇಲೆ ಕಟ್ಟುವ ಜೀವಿಗಳ ಪದರ) ‘ಮಣ್ಣಿನ ತೊಗಟೆ’ ಎಂದಿದೆ. ಅಳತೆಪಟ್ಟಿ ಹಿಡಿದು ದಾರಿಗಿಳಿಯುವವರಿಗೆ ಇವು ಹೊಂದುತ್ತವೆಯೇ?

ಉತ್ತರ: ‘ಮೇಲ್ವಿಚಾರಣೆ’ಯನ್ನು ಬಿಡಲೇಬೇಕು. ಆಳುಗಳ ಕೆಲಸ ನೋಡಿಕೊಳ್ಳುವುದಕ್ಕೆ ಹೇಳುವ ಮಾತು ಅದು. ಓದಿದವರು ಕಾವಲುಗಾರರು ಜನರ ಮೇಲೆ ಕಣ್ಣಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಇಲ್ಲಿಯ ಕೆಲಸ ಬೇರೆ: ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ, ಅದೇ ಋತುವಿನಲ್ಲಿ ಮತ್ತೆ ಮತ್ತೆ ಅಳೆದು, ಮೊದಲೇ ಗೊತ್ತುಮಾಡಿದ ಮಿತಿಯೊಂದಿಗೆ ಹೋಲಿಸುವುದು. ‘ನಿಗಾ ಅಳತೆ’ ಎಂದರೆ ಸಾಕು. ಮಿತಿ ಇಲ್ಲದಿದ್ದರೆ ಅದು ಬರೀ ದಾಖಲೆ. 1990ರ ದಶಕದಲ್ಲಿ ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಪದ್ಧತಿಯನ್ನು ಪ್ರಯೋಗಿಸಿದಾಗ, ಡೆಲಿಕೇಟ್ ಆರ್ಚ್ ಬಳಿ ಏಕಕಾಲಕ್ಕೆ 30 ಜನ ಎಂಬ ಮಿತಿಯನ್ನೇ ಮಾನದಂಡವಾಗಿ ಇಟ್ಟುಕೊಂಡಿದ್ದರು.

ದಾರಿಯ ಕೊರಕಲನ್ನು ಅಳೆಯುವ ಕ್ರಮ ಹೀಗೆ. ದಾರಿಯ ಎರಡೂ ಬದಿಗೆ, ತುಳಿತ ಇಲ್ಲದ ನೆಲದಲ್ಲಿ, ಗೂಟ ಹೊಡೆದು ದಾರ ಬಿಗಿಯಬೇಕು. ಗೂಟಗಳನ್ನು ತೀರ ಹತ್ತಿರ ಹೊಡೆದರೆ ಮುಂದೆ ದಾರಿ ಅಗಲವಾದಾಗ ಅವೇ ದಾರಿಯೊಳಗೆ ಬಂದುಬಿಡುತ್ತವೆ. ದಾರದಿಂದ ನೆಲಕ್ಕೆ ಪ್ರತಿ 10 ಸೆಂ.ಮೀ.ಗೆ ಒಂದು ಆಳ ಬರೆದುಕೊಳ್ಳಿ. ಎರಡು ತುದಿಗಳಲ್ಲಿ ಆಳ ಸೊನ್ನೆಯಿದ್ದರೆ ಎಲ್ಲ ಆಳಗಳ ಮೊತ್ತವನ್ನು 10ರಿಂದ ಗುಣಿಸಿದರೆ ಕೊಚ್ಚಿಹೋದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ: 2, 5, 6, 4, 1 ಸೆಂ.ಮೀ. ಎಂದು ಬಂದರೆ 180 ಚದರ ಸೆಂ.ಮೀ. ದಾರ ಜೋತುಬಿದ್ದರೆ ಆಳ ಕಡಿಮೆ ತೋರುತ್ತದೆ. ಮರುಭೂಮಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಗಾಳಿ. ಅದು ಮರಳು ತಂದು ಕೊರಕಲನ್ನು ತುಂಬಿದಾಗ ಅಂಕಿ ಇಳಿಯುತ್ತದೆ, ದಾರಿ ಮಾತ್ರ ಸುಧಾರಿಸಿರುವುದಿಲ್ಲ. ಆದ್ದರಿಂದ ಪ್ರತಿ ಅಳತೆಯ ಪಕ್ಕದಲ್ಲಿ ‘ಗಾಳಿಮರಳು ಇದೆ/ಇಲ್ಲ’ ಎಂಬ ಕಾಲಮು ಬೇಕೇಬೇಕು.

‘ಸಾಮಾಜಿಕ ಹಾದಿ’ ಅರ್ಥವಾಗುವುದಿಲ್ಲ. ‘ಒಳದಾರಿ’ ಎಂದರೆ ಹತ್ತಿರದ ದಾರಿ. ಆದರೆ ಇವುಗಳಲ್ಲಿ ಎಷ್ಟೋ ಎಲ್ಲಿಗೂ ಹೋಗುವುದಿಲ್ಲ, ಫೋಟೊ ತೆಗೆಯುವ ಬಂಡೆಯ ಬಳಿ ನಿಂತುಬಿಡುತ್ತವೆ. ಜನ ತುಳಿತುಳಿದೇ ಆದದ್ದರಿಂದ ‘ತುಳಿದಾರಿ’ ಎನ್ನೋಣ.

ಇನ್ನೊಂದು ಉತ್ತರ: ತುಳಿದಾರಿಗೆ ನನ್ನದೂ ಒಪ್ಪಿಗೆ. ‘ಆಘಾತ’ಕ್ಕೆ ಬದಲು ‘ಪರಿಣಾಮ’ ಸಾಕು, ಅಳೆಯುವ ಮೊದಲೇ ತೀರ್ಪು ಕೊಡಬಾರದು. ಹಾನಿ ಎಂದು ತೀರ್ಮಾನವಾದ ಮೇಲೆ ‘ಹಾನಿ’ ಎಂದೇ ಬರೆಯಿರಿ. ಜನ ಇಮ್ಮಡಿಯಾದರೆ ಪರಿಣಾಮವೂ ಇಮ್ಮಡಿ ಎಂದು ಓದುಗರು ಭಾವಿಸದಂತೆಯೂ ನೋಡಿಕೊಳ್ಳಬೇಕು. ತುಳಿಯದ ನೆಲದಲ್ಲಿ ಮೊದಲ ಕೆಲವು ಓಡಾಟಗಳೇ ಹೆಚ್ಚು ಕೆಡಿಸುತ್ತವೆ. ಸವೆದ ದಾರಿಯಲ್ಲಿ ಮತ್ತಷ್ಟು ಜನ ನಡೆದರೂ ಬದಲಾವಣೆ ಕಡಿಮೆ. ಹೊಸ ತುಳಿದಾರಿಯನ್ನು ಮೊದಲು ಅಳೆಯಬೇಕು ಎನ್ನುವುದು ಇದಕ್ಕೇ.

‘ತೊಗಟೆ’ ಮರದ್ದು. ‘ಹಕ್ಕಳೆ’ ಹತ್ತಿರವಾದರೂ ಗಾಯದ ಹಕ್ಕಳೆ ಉದುರುವುದು ಒಳ್ಳೆಯ ಲಕ್ಷಣ, ಇದು ಉದುರಿದರೆ ಕೇಡು. ಸಯನೋಬ್ಯಾಕ್ಟೀರಿಯಾದ (ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿ) ಎಳೆಗಳು, ಕಲ್ಲುಹೂವು, ಹಾವಸೆ ಸೇರಿ ಮರಳಿನ ಕಣಗಳನ್ನು ಹಿಡಿದಿಡುವ ಪದರವಿದು. ಒಣಗಿದ್ದಾಗ ಕಾಲಿಟ್ಟರೆ ಪುಡಿಯಾಗುತ್ತದೆ. ಸಯನೋಬ್ಯಾಕ್ಟೀರಿಯಾ ಮರಳಿ ಬೇಗ ಬರಬಹುದು. ಕಲ್ಲುಹೂವು, ಹಾವಸೆಗಳಿಗೆ ದಶಕಗಳೇ ಬೇಕು. ‘ಜೀವಪದರ’ ಎನ್ನುವುದು ನನ್ನ ಸಲಹೆ. ಎಳೆಯ ಜೀವಪದರ ಚಪ್ಪಟೆಯಾಗಿ, ಮರಳಿನ ಬಣ್ಣದಲ್ಲೇ ಇರುವುದರಿಂದ ನಮೂನೆಯಲ್ಲಿ ‘ಬರಿ ನೆಲ’ ಎಂದು ದಾಖಲಾಗಿಬಿಡುತ್ತದೆ. ದಾರಿಯ ಅಂಚಿನಲ್ಲಿ ಆಗಲೇ ಒಡೆದುಬಿದ್ದ ಚೂರೊಂದನ್ನು ಮೆಲ್ಲಗೆ ಎತ್ತಿ ನೋಡಿ: ಅಡಿಯಲ್ಲಿ ನವಿರಾದ ಎಳೆಗಳಿಗೆ ಮರಳು ಕಚ್ಚಿಕೊಂಡು ನೇತಾಡುತ್ತಿದ್ದರೆ ಅದು ಜೀವಪದರ.

ಒಂದು ಸೇರ್ಪಡೆ. ಕರಡಿನಲ್ಲಿ ‘ಎಣಿಕೆ’ ಮತ್ತು ‘ಅಂದಾಜು’ ಬೆರೆತಿವೆ. ಅವಗೆಂಪು (ಇನ್ಫ್ರಾರೆಡ್, ಕಣ್ಣಿಗೆ ಕಾಣದ ಕಿರಣ) ಎಣಿಕೆಯಂತ್ರ ಅಕ್ಕಪಕ್ಕ ನಡೆಯುವ ಇಬ್ಬರನ್ನು ಒಬ್ಬರೆಂದು ಲೆಕ್ಕ ಹಾಕುತ್ತದೆ. ಜನ ನಿಂತು ಹರಟುವ ಕಡೆ ಇಟ್ಟರೆ ಒಬ್ಬರನ್ನೇ ಹಲವು ಸಲ ಎಣಿಸುತ್ತದೆ. ಕಣ್ಣೆಣಿಕೆಯಲ್ಲಿ 100 ಬಂದಾಗ ಯಂತ್ರ 80 ತೋರಿಸಿದರೆ ತಿದ್ದುಪಡಿ ಗುಣಕ 1.25. ಯಂತ್ರ ಕೊಟ್ಟದ್ದು ‘ಎಣಿಕೆ’, ಗುಣಕ ಹಾಕಿದ ಮೇಲೆ ಬಂದದ್ದು ‘ಅಂದಾಜು’. ಕೋಷ್ಟಕಗಳಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಮು ಇಡಿ.