ಗಂಡು ಅಲ್ಪಾಕಾ ಆರಿಸಲು ಮೈಕ್ರಾನ್ ಲೆಕ್ಕ ಒಂದೇ ಸಾಕಾ?

ಪ್ರಶ್ನೆ: ನಾನು ಅಲ್ಪಾಕಾ (ತುಪ್ಪಟಕ್ಕಾಗಿ ಸಾಕುವ, ಒಂಟೆಯ ಬಳಗದ ಪ್ರಾಣಿ) ಸಾಕಿದ್ದೇನೆ. ನನ್ನ ಹುವಕಾಯ (ಉಬ್ಬಿದ ಗುಂಗುರು ತುಪ್ಪಟದ ಬಗೆ) ಹೆಣ್ಣಿನ ತುಪ್ಪಟದ ಎಳೆ 24 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ; ಕಡಿಮೆಯಿದ್ದಷ್ಟೂ ನಯ). ಪಕ್ಕೆಯಲ್ಲಿ ಮೆತ್ತಗಿದೆ, ಎದೆಯ ಹತ್ತಿರ ಒರಟು ಕೂದಲು ಜಾಸ್ತಿ. ಅದಕ್ಕೆ ಜೊತೆಯಾಗಿ ಎರಡು ವರ್ಷದ ಗಂಡೊಂದನ್ನು ನೋಡಿದ್ದೇನೆ. ಅದರ ತುಪ್ಪಟ ಪರೀಕ್ಷೆಯ ವರದಿಯಲ್ಲಿ 18 ಮೈಕ್ರಾನ್ ಇದೆ. ತೆಗೆದುಕೊಳ್ಳಲಾ?

ಉತ್ತರ: ಸ್ವಲ್ಪ ತಡೆಯಿರಿ. ಎಳೆ ವಯಸ್ಸಿನ ತುಪ್ಪಟ ನಯವಾಗಿಯೇ ಇರುತ್ತದೆ, ವಯಸ್ಸಾದಂತೆ ದಪ್ಪವಾಗುತ್ತದೆ. ಐದು ವರ್ಷದ ಗಂಡು 20ರಲ್ಲೇ ನಿಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಪಕ್ಕೆಯ ನಡುವೆ ತುಪ್ಪಟ ಬಿಡಿಸಿ ನೋಡಿ. ಬುಡದಿಂದ ತುದಿವರೆಗೆ ಸಣ್ಣ ಅಲೆಗಳು ಒಂದೇ ಸಮ ಇವೆಯಾ?

ಇನ್ನೊಂದು ಉತ್ತರ: ತುಪ್ಪಟದ ತೂಕವನ್ನೂ ಕೇಳಿ. ನಾನು ಬರೀ ನಯ ನೋಡಿ ಆರಿಸಿದೆ, ಮರಿಗಳ ಮೈಮೇಲೆ ತುಪ್ಪಟವೇ ತೆಳು. ಬಸಿರು ಹನ್ನೊಂದು ತಿಂಗಳಿಗೂ ಜಾಸ್ತಿ, ಸಾಮಾನ್ಯವಾಗಿ ಮರಿ ಒಂದೇ. ಆಯ್ಕೆ ತಪ್ಪಿದರೆ ಇಡೀ ವರ್ಷ ಹೋದಂತೆ, ಅಲ್ವಾ?

ಪ್ರಶ್ನೆ ಕೇಳಿದವರು: ಸರಿ, ಮೊದಲು ಅದರ ತಂದೆ-ತಾಯಿಯ ವರದಿ ತರಿಸುತ್ತೇನೆ.