ಸುತ್ತ ಗೋಡೆ, ಬಿಸಿಲಿಲ್ಲದ ಹಿತ್ತಲು: ಏನು ನೆಡಬಹುದು?

ಹಿತ್ತಲಮನೆ:
ಬಸವನಗುಡಿಯಲ್ಲಿ ನಮ್ಮದು ಹಳೇ ಮನೆ. ಹಿಂದೆ 10 ಅಡಿಗೆ 15 ಅಡಿ ಹಿತ್ತಲಿದೆ, ಮೂರು ಕಡೆ ಕಾಂಪೌಂಡ್ ಗೋಡೆ. ಪಕ್ಕದ ಸೈಟಿನಲ್ಲಿ ಮೂರು ಮಹಡಿ ಎದ್ದ ಮೇಲೆ ಬಿಸಿಲು ಬೀಳುವುದೇ ಕಡಿಮೆ. ಅಮ್ಮ ನೆಟ್ಟ ಮಲ್ಲಿಗೆ ಬರೀ ಎಲೆ ಬಿಡುತ್ತದೆ, ಹೂವಿಲ್ಲ. ಪೂರ್ತಿ ಟೈಲ್ಸ್ ಹಾಕಿಸಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ, ನನಗೆ ಮನಸ್ಸೇ ಇಲ್ಲ. ಅಮ್ಮ ಕೂತು ಕಾಫಿ ಕುಡಿಯಲು ಒಂದು ಮೂಲೆ, ಸುತ್ತ ಹಸಿರು, ಪೂಜೆಗೆ ನಾಲ್ಕು ಹೂವು. ಇಷ್ಟು ಆಗುತ್ತದಾ?

ತಾರಸಿ ತೋಟ:
ಟೈಲ್ಸ್ ಖಂಡಿತ ಬೇಡ. ಮಳೆ ನೀರು ಇಂಗಲು ಉಳಿದಿರುವುದೇ ಅಷ್ಟು ಜಾಗ ಅಲ್ವಾ? ಹಿತ್ತಲು ಮನೆಯ ಯಾವ ದಿಕ್ಕಿಗಿದೆ? ಉತ್ತರಕ್ಕಿದ್ದರೆ ವರ್ಷವಿಡೀ ಬೆಳಕು ಒಂದೇ ಥರ ಇರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಆಗ ಒಂದಿಷ್ಟು ಹೊತ್ತು ನೇರ ಬಿಸಿಲು ಸಿಗಬಹುದು, ಡಿಸೆಂಬರಿನಲ್ಲಿ ಮನೆಯ ನೆರಳೇ ಪೂರ್ತಿ ಮುಚ್ಚುತ್ತದೆ. ಸುಮ್ನೆ ಒಂದು ದಿನ ನೋಡಿ ಗಿಡ ತರಬೇಡಿ. ಮಲ್ಲಿಗೆಗೆ ಬಿಸಿಲು ಬೇಕೇ ಬೇಕು. ಅದರ ಕಡ್ಡಿ ಕತ್ತರಿಸಿ ಕುಂಡದಲ್ಲಿ ನೆಟ್ಟು ತಾರಸಿಗೆ ಇಡಿ. ಗೋಡೆಗೆ ಬಿಳಿ ಬಣ್ಣ ಹೊಡೆಸಿ, ಇರುವ ಬೆಳಕು ಹರಡುತ್ತದೆ.

ಶಿರಸಿಯವಳು:
ನೆರಳು ಅಂತ ಯಾಕೆ ಬೇಜಾರು? ನಮ್ಮ ಕಡೆ ಅಡಿಕೆ ತೋಟದಲ್ಲಿ ಕಾಳುಮೆಣಸು, ವೀಳ್ಯದೆಲೆ, ಏಲಕ್ಕಿ ಎಲ್ಲ ಬೆಳೆಯುವುದು ನೆರಳಲ್ಲೇ. ಅದನ್ನೇ ಚಿಕ್ಕದಾಗಿ ಮಾಡಿ. ಗೋಡೆಯಿಂದ ಸ್ವಲ್ಪ ಈಚೆಗೆ ಜಾಲರಿ ನಿಲ್ಲಿಸಿ ವೀಳ್ಯದೆಲೆ ಬಳ್ಳಿ ಹಬ್ಬಿಸಿ, ಪೂಜೆಗೂ ಆಯಿತು. ಒದ್ದೆ ಮೂಲೆಗೆ ಜರೀಗಿಡ. ನೆಲದ ಮೇಲೆ ಒಂದೆಲಗ ಬಿಡಿ, ಬಳ್ಳಿ ಹಾಗೇ ಹರಿದುಕೊಂಡು ಹೋಗುತ್ತದೆ, ಬೇಕೆಂದಾಗ ಕಿತ್ತು ತಂಬುಳಿ ಮಾಡಬಹುದು. ಏಲಕ್ಕಿ ಗಿಡ ನೋಡಲು ಚೆಂದ, ಆದರೆ ಬೆಂಗಳೂರಿನ ಒಣ ಹವೆಯಲ್ಲಿ ಕಾಯಿ ನೆಚ್ಚಬೇಡಿ. ಹೂವಿಗೆ ಕನಕಾಂಬರ ಹಾಕಿ, ಅರೆನೆರಳಲ್ಲೂ ಬಿಡುತ್ತದೆ. ಅದಕ್ಕೂ ದೊಡ್ಡಪತ್ರೆಗೂ ಇದ್ದುದರಲ್ಲಿ ಜಾಸ್ತಿ ಬೆಳಕಿರುವ ಜಾಗ ಕೊಡಿ.

ಹಿತ್ತಲಮನೆ:
ಉತ್ತರಕ್ಕೇ ಇದೆ! ಮೇ ತಿಂಗಳಲ್ಲಿ ಮಧ್ಯಾಹ್ನ ಬಿಸಿಲು ಬರುತ್ತದೆ ಅಂತ ಅಮ್ಮನೂ ಹೇಳಿದರು. ವೀಳ್ಯದೆಲೆ ಅಂದ ಕೂಡಲೇ ಅವರಿಗೆ ಖುಷಿ. ಮಣ್ಣಿನ ತುಂಬ ಇಟ್ಟಿಗೆ ಚೂರು, ಸಿಮೆಂಟು ಗಟ್ಟಿ ಇದೆ, ಏನು ಮಾಡಲಿ?

ಕೆಮ್ಮಣ್ಣು:
ನೆಡುವ ಕಡೆ ಒಂದಡಿ ಅಗೆಸಿ ಅದನ್ನೆಲ್ಲ ತೆಗೆಸಿ. ಸಿಮೆಂಟಿನ ಸುಣ್ಣದಂಶ ಇದ್ದರೆ ಎಲೆ ಹಳದಿಯಾಗುತ್ತದೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ. ಗೋಡೆಗೆ ತಾಗಿಸಿ ಮಣ್ಣು ಏರಿಸಬೇಡಿ, ಒಳಗೆ ತೇವ ಹಿಡಿಯುತ್ತದೆ. ನೆರಳಲ್ಲಿ ಮಣ್ಣು ಬೇಗ ಆರುವುದಿಲ್ಲ, ಬೆರಳಿಟ್ಟು ನೋಡಿ ನೀರು ಹಾಕಿ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ಡೆಂಗಿ ಸೊಳ್ಳೆಗೆ ಅಷ್ಟು ಸಾಕು. ಅಮ್ಮ ಓಡಾಡುವ ಕಡೆ ಪಾಚಿ ಕಟ್ಟಿ ಜಾರುತ್ತದೆ, ನುಣುಪು ಕಲ್ಲು ಬೇಡ, ಒರಟು ಚಪ್ಪಡಿಗಳನ್ನು ಬಿಡಿಬಿಡಿಯಾಗಿ ಹಾಸಿ. ಗಿಡಕ್ಕೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳು ನಿಮಗೆ ಹತ್ತಿರ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಡೈಫೆನ್‌ಬೇಕಿಯಾ ಮಾತ್ರ ತರಬೇಡಿ, ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.